ಅವನ ಪಗಾರ ಯಾರು ಕೊಡ್ತಾರ?

ನಮ್ಮ ಮನೆಯ ತಗಡಿನ ಟ್ರಂಕಿನ ತಳದಲ್ಲಿ, ಅವ್ವನ ಇಳಕಲ್ ಸೀರೆಯ ಕೆಳಗೆ, ಎರಡು ಮಾಸಿದ ಕಾರ್ಡುಗಳಿವೆ. ಎರಡರಲ್ಲೂ ನನ್ನದೇ ಹೆಸರು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನವರು ಕೆಲಸ ಹುಡುಕುವವರಿಗೆ ಕೊಡುತ್ತಿದ್ದ ಗುರುತಿನ ಕಾರ್ಡು ಅದು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಎಕ್ಸ್-10 ಎಂದು ಹೆಸರು. ಒಬ್ಬಳಿಗೆ ಎರಡು ಕಾರ್ಡು ಇರುವುದು ಹೆಮ್ಮೆಯ ಸಂಗತಿಯೇನಲ್ಲ. ಮೊದಲನೆಯದು ನನ್ನ ಅಲಕ್ಷ್ಯದಿಂದ ರದ್ದಾಯಿತು, ಹಾಗಾಗಿ ಎರಡನೆಯದನ್ನು ಮಾಡಿಸಬೇಕಾಯಿತು. ಎಸೆಯಲು ಮನಸ್ಸಾಗದೆ ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ.

ಹೋದ ದೀಪಾವಳಿಗೆ ಅವನ್ನು ಹೊರಗೆ ತೆಗೆಯುವ ಪ್ರಸಂಗ ಬಂತು. ನನ್ನ ತಂಗಿಯ ಮಗಳು ಸೇಡಂಗೆ ನಮ್ಮ ಮನೆಗೆ ಬಂದಿದ್ದಳು. ಬಿ.ಕಾಂ. ಮುಗಿಸಿದ್ದಾಳೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನೂ ಕಲಿತಿದ್ದಾಳೆ. ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದಳು. ಊಟಕ್ಕೆ ಕುಳಿತಾಗ ಫೋನು ಬಂತು. ಎದ್ದು ಹೊರಗೆ ಹೋಗಿ ಮಾತಾಡಿ, ಮುಖ ಅರಳಿಸಿಕೊಂಡು ಬಂದಳು.

"ಹೈದರಾಬಾದಿನ ಕನ್ಸಲ್ಟೆನ್ಸಿಯವರು, ದೊಡ್ಡವ್ವಾ. ಸೋಮವಾರ ಒರಿಜಿನಲ್ ಸರ್ಟಿಫಿಕೇಟ್ ಎಲ್ಲಾ ತಗೊಂಡು ಬಾ ಅಂದಾರ. ರಿಜಿಸ್ಟ್ರೇಷನ್ ಫೀ ಎರಡು ಸಾವಿರ ಅಂತ."

"ಕೆಲಸ ಯಾವ ಕಂಪನೀದು?"

"ಅದೇನೂ ಹೇಳಿಲ್ಲ. ಬಂದ ಮ್ಯಾಲ ಹೇಳ್ತಾರಂತ."

"ಮತ್ತ ಅವರ ಪಗಾರ ಯಾರು ಕೊಡ್ತಾರ?"

ಅವಳು ನಕ್ಕಳು. ತನ್ನ ಪಗಾರದ ಬಗ್ಗೆ ಕೇಳುವುದು ಬಿಟ್ಟು ದೊಡ್ಡವ್ವ ಅವರ ಪಗಾರದ ಚಿಂತೆ ಯಾಕೆ ಮಾಡುತ್ತಾಳೆ ಎಂದು ಅವಳಿಗೆ ಅನ್ನಿಸಿರಬೇಕು. ಆ ಪ್ರಶ್ನೆ ನನ್ನದಲ್ಲ, ನನ್ನ ಆಯಿಯದು. ಅಪ್ಪನ ತಾಯಿ ಆಕೆ. ಕುರಕುಂಟಾದ ಮಗ್ಗುಲಿನ ಒಂದು ಸಣ್ಣ ಹಳ್ಳಿಯವಳು. ಅಕ್ಷರ ಬರುತ್ತಿರಲಿಲ್ಲ. ಆದರೆ ಕೆಲಸ ಕೊಡಿಸುವವರ ವಿಷಯದಲ್ಲಿ ಆಕೆಗೆ ತಿಳಿದಿದ್ದಷ್ಟು ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಆಯಿಯ ಕಾಲಕ್ಕೆ ನಮ್ಮ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿತ್ತು. ಚಿತ್ತಾಪುರ, ಸೇಡಂ, ಕುರಕುಂಟಾ, ತಾಂಡೂರು ಎಲ್ಲವೂ ಅದೇ ದಾರಿಯ ಊರುಗಳು. ರೈಲು ಬಂದ ಮೇಲೆ ನಮ್ಮ ನೆಲದ ಕೆಳಗಿನ ಸುಣ್ಣಕಲ್ಲಿಗೆ ಬೆಲೆ ಬಂತು. ಶಹಾಬಾದಿನ ಪರ್ಸಿ ಕಲ್ಲು ದೂರ ದೂರದ ಊರುಗಳ ಮನೆಗಳಿಗೆ ಹಾಸುಗಲ್ಲಾಗಿ ಹೋಯಿತು. ತೊಗರಿ ರಾಶಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲಿ ಹಳ್ಳಿಗೆ ಮುಕಾದಮ ಬರುತ್ತಿದ್ದ. ಕಲ್ಲಿನ ಗಣಿಗೆ ಆಳು ಕೂಡಿಸುವುದು ಅವನ ಕೆಲಸ. ಮನೆಗೆ ಇಷ್ಟು ಎಂದು ಮುಂಗಡ ಕೊಡುತ್ತಿದ್ದ. ಮುಂಗಡ ತೆಗೆದುಕೊಂಡವರು ಅವನ ಹಿಂದೆ ಹೋಗಬೇಕು. ಆಯಿ ಎರಡು ಬೇಸಿಗೆ ಹಾಗೆ ಹೋಗಿ ಕಲ್ಲು ಹೊತ್ತು ಬಂದಿದ್ದಳು.

ವಾರದ ಬಟವಾಡೆ ಆಳಿನ ಕೈಗೆ ಬರುತ್ತಿರಲಿಲ್ಲ. ಗಣಿಯವರು ಮುಕಾದಮನಿಗೆ ಕೊಡುತ್ತಿದ್ದರು, ಅವನು ತನ್ನ ದಸ್ತೂರಿ ಹಿಡಿದುಕೊಂಡು, ಮುಂಗಡದ ಬಾಕಿ ಮುರಿದುಕೊಂಡು, ಉಳಿದದ್ದನ್ನು ಕೊಡುತ್ತಿದ್ದ. ಎಷ್ಟು ದಿನ ದುಡಿದೆವು ಎಂಬುದಕ್ಕೆ ಅವನ ಬಾಯಿಮಾತೇ ದಾಖಲೆ. ಆಯಿ ಮೊದಲ ಬೇಸಿಗೆಯಲ್ಲಿ ಮೋಸ ಹೋದಳು. ಎರಡನೆಯ ಬೇಸಿಗೆಯಲ್ಲಿ ಒಂದು ದಾರ ಇಟ್ಟುಕೊಂಡಳು. ದುಡಿದ ದಿನಕ್ಕೊಂದು ಗಂಟು. ಬಟವಾಡೆಯ ದಿನ ಆ ದಾರವನ್ನು ಎಲ್ಲರ ಎದುರಿಗೆ ಎಣಿಸಿದಳಂತೆ. ಮುಕಾದಮ ಸಿಟ್ಟಾಗಿ, "ನಿಮಗ ಕೆಲಸ ಕೊಡಿಸಿದಾಂವ ನಾನು, ನನಗೇ ಲೆಕ್ಕ ಕೇಳ್ತೀ?" ಎಂದ. "ನೀ ಕೊಡಿಸಿದಿ, ಖರೆ. ನಿನ್ನ ಪಗಾರ ಯಾರು ಕೊಡ್ತಾರ? ಸೇಠನೋ ನಾವೋ?" ಎಂದು ಆಯಿ ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಮರುವರ್ಷ ಆಯಿಯನ್ನು ಕರೆಯಲೂ ಬರಲಿಲ್ಲ. ಈ ಕಥೆಯ ಕೊನೆಯ ಮಾತನ್ನು ಆಕೆ ಎಂದೂ ಮುಚ್ಚಿಡುತ್ತಿರಲಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಒಂದು ಬೇಸಿಗೆಯ ಜೋಳ ಕಡಿಮೆಯಾಯಿತು ಎಂದೇ ಹೇಳುತ್ತಿದ್ದಳು.

ಇದು ನಮ್ಮ ಊರೊಂದರ ಕಥೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಇಡೀ ಹಿಂದೂಸ್ಥಾನದ ಗಿರಣಿ, ಗಣಿ, ತೋಟಗಳೆಲ್ಲ ಇದೇ ರೀತಿಯಲ್ಲಿ ಆಳು ಕೂಡಿಸಿಕೊಂಡವು ಎಂದು. ಒಂದೊಂದು ಕಡೆ ಒಂದೊಂದು ಹೆಸರು: ಮುಕಾದಮ, ಸರ್ದಾರ, ಮೇಸ್ತ್ರಿ, ಕಂಗಾಣಿ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಹೆಂಗಸರನ್ನು ಕೆಲಸಕ್ಕೆ ಹಚ್ಚಲು ಹೆಂಗಸರೇ ಇದ್ದರು, ಅವರನ್ನು ನಾಯಕಿಣ್ ಎನ್ನುತ್ತಿದ್ದರು. ಹೆಂಗಸಿನ ಕೈಕೆಳಗೆ ಹೆಂಗಸಿಗೆ ಕಷ್ಟ ಕಡಿಮೆ ಇದ್ದೀತು ಎಂದು ನಾವು ಅಂದುಕೊಳ್ಳುತ್ತೇವೆ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ರಾಯಲ್ ಲೇಬರ್ ಕಮಿಷನ್ನು ಬೇರೆ ಮಾತು ಹೇಳಿತು. ಅದರ ಅಧ್ಯಕ್ಷರ ಹೆಸರಿನಿಂದ ಅದನ್ನು ವಿಟ್ಲಿ ಕಮಿಷನ್ ಎನ್ನುತ್ತಾರೆ. ಬೆರಿಲ್ ಪವರ್ ಎಂಬ ಹೆಂಗಸೂ ಅದರ ಸದಸ್ಯೆಯಾಗಿದ್ದರು. ಕೆಲಸ ಸಿಗಲು ಲಂಚ, ರಜೆ ಮುಗಿಸಿ ಮತ್ತೆ ಸೇರಲು ಲಂಚ, ಇದ್ದ ಕೆಲಸ ಉಳಿಯಲು ಲಂಚ, ಇದು ಗಂಡು ಮುಕಾದಮನಲ್ಲೂ ಉಂಟು, ನಾಯಕಿಣಿಯಲ್ಲೂ ಉಂಟು ಎಂದು ಕಮಿಷನ್ನಿಗೆ ಕಂಡಿತು. ಆಳು ತೆಗೆದುಕೊಳ್ಳುವ ಅಧಿಕಾರವನ್ನು ಇವರ ಕೈಯಿಂದ ತೆಗೆದು ಲೇಬರ್ ಆಫೀಸರನಿಗೆ ಕೊಡಬೇಕು, ಹೆಂಗಸರು ಹೆಚ್ಚಾಗಿರುವ ಗಿರಣಿಯಲ್ಲಿ ಓದಿದ ಒಬ್ಬ ಹೆಂಗಸನ್ನು ಅವರ ಮೇಲ್ವಿಚಾರಣೆಗೆ ಇಡಬೇಕು ಎಂದು ಅದು ಸಲಹೆ ಮಾಡಿತು. ಆದರೆ ಆ ಕಮಿಷನ್ನು ನೋಡಿದ್ದು ಬ್ರಿಟಿಷ್ ಇಂಡಿಯಾವನ್ನು. ನಿಜಾಮನ ಸೀಮೆಯ ನಮ್ಮ ಆಯಿಯಂಥವರು ಅದರ ಲೆಕ್ಕಕ್ಕೆ ಬರಲಿಲ್ಲ.

ಹಾಗೆ ನೋಡಿದರೆ ಮಧ್ಯಸ್ಥನನ್ನು ತೆಗೆದು ಆ ಜಾಗದಲ್ಲಿ ಸರ್ಕಾರವೇ ಕುಳಿತರೆ ಹೇಗೆ ಎಂಬ ಯೋಚನೆ ಆಗಲೇ ಹಳೆಯದು. ಇಂಗ್ಲೆಂಡಿನಲ್ಲಿ 1909ರಲ್ಲಿ ಕಾಯ್ದೆ ಮಾಡಿ 1910ರ ಫೆಬ್ರವರಿಯಲ್ಲಿ ಲೇಬರ್ ಎಕ್ಸ್‌ಚೇಂಜುಗಳನ್ನು ತೆರೆದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸ ಹುಡುಕುವವರಿಂದ ಏಜೆನ್ಸಿಗಳು ದುಡ್ಡು ಕೇಳಲೇಬಾರದು ಎಂದು 1914ರಲ್ಲಿ ಮತ ಹಾಕಿ ಕಾನೂನು ಮಾಡಿಕೊಂಡರು. 1917ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 1919ರಿಂದ ಇದೇ ಮಾತು ಹೇಳುತ್ತ ಬಂದಿದೆ. ಫೀ ತೆಗೆದುಕೊಳ್ಳುವ ಏಜೆನ್ಸಿಗಳನ್ನು ಇಲ್ಲವಾಗಿಸಬೇಕೆಂದು 1933ರಲ್ಲಿ ಒಪ್ಪಂದವಾಯಿತು. 1997ರ ಹೊಸ ಒಪ್ಪಂದದಲ್ಲಿ, ಏಜೆನ್ಸಿಗಳು ಇರಲಿ, ಆದರೆ ಕೆಲಸಗಾರರಿಂದ ಹಣ ಪಡೆಯಕೂಡದು ಎಂಬ ನಿಯಮ ಇಟ್ಟರು. ಆಯಿಯ ಪ್ರಶ್ನೆ ಜಿನೀವಾದಲ್ಲೂ ಚರ್ಚೆಯಾಗಿತ್ತು ಎಂದು ಗೊತ್ತಾದಾಗ ನನಗಾದ ಸಂತೋಷ ಸಣ್ಣದಲ್ಲ. ಆಕೆ ಆಗಲೇ ತೀರಿಹೋಗಿದ್ದಳು.

ನಮ್ಮಲ್ಲಿ ಎಕ್ಸ್‌ಚೇಂಜು ಬಂದದ್ದು 1945ರಲ್ಲಿ, ಯುದ್ಧ ಮುಗಿಸಿ ಬಂದ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡಲಿಕ್ಕೆ. 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. 1956ರ ನವೆಂಬರ್ 1ರಂದು ಅವುಗಳ ಆಡಳಿತವನ್ನು ಕೇಂದ್ರದವರು ರಾಜ್ಯಗಳಿಗೆ ಒಪ್ಪಿಸಿದರು. ಅದೇ ದಿನ ನಮ್ಮ ಗುಲ್ಬರ್ಗಾ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮುಂಚೆ ನಮ್ಮ ಕಡೆ ಸರ್ಕಾರಿ ನೌಕರಿ ಎಂದರೆ ಮುಲ್ಕಿ ಸರ್ಟಿಫಿಕೇಟು, ಉರ್ದು ಅರ್ಜಿ, ದೊಡ್ಡವರೊಬ್ಬರ ಸಿಫಾರಸು. ಇವು ಮೂರೂ ಇದ್ದವರು ನಮ್ಮ ಕುಲದಲ್ಲಿ ಒಬ್ಬರೂ ಇರಲಿಲ್ಲ. 1959ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಕಾಯ್ದೆ ಮಾಡಿತು. ಸರ್ಕಾರಿ ವಲಯದವರೆಲ್ಲರೂ, ಖಾಸಗಿಯಲ್ಲಿ ಇಪ್ಪತ್ತೈದು ಜನಕ್ಕೆ ಕಡಿಮೆಯಿಲ್ಲದಂತೆ ಕೆಲಸಕ್ಕೆ ಇಟ್ಟುಕೊಂಡವರೂ, ಖಾಲಿ ಹುದ್ದೆಗಳನ್ನು ಎಕ್ಸ್‌ಚೇಂಜಿಗೆ ತಿಳಿಸಲೇಬೇಕು. 1960ರ ಮೇ 1ರಿಂದ ಅದು ಜಾರಿಗೆ ಬಂತು. ತಪ್ಪಿದರೆ ಮೊದಲ ಸಲ ಐದುನೂರು ರೂಪಾಯಿವರೆಗೆ ದಂಡ. ತಿಳಿಸಬೇಕು ಅಷ್ಟೆ. ಅವರು ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಆ ಕಾಯ್ದೆ ಹೇಳಲಿಲ್ಲ. ಈ ಒಂದು ಮಾತು ತಿಳಿಯದೆ ಎಷ್ಟೋ ಜನ ಕಾರ್ಡು ಸಿಕ್ಕ ದಿನ ಪೇಢೆ ಹಂಚಿದ್ದನ್ನು ನಾನು ಕಂಡಿದ್ದೇನೆ.

ಅಪ್ಪನಿಗೆ ಮಾತ್ರ ಕಾರ್ಡು ಫಲಿಸಿತು. ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ 1965ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಕಂಪನಿ. ಅದರ ಕುರಕುಂಟಾ ಕಾರ್ಖಾನೆ 1972ರಲ್ಲಿ ಶುರುವಾಯಿತು. ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಸಿಮೆಂಟು ಮಾಡುವ ಶಕ್ತಿ. ಆ ಮೊದಲು ಸಿಮೆಂಟು ಎಂದರೆ ಶಹಾಬಾದು, 1968ರಿಂದ ವಾಡಿ. ಈಗ ನಮ್ಮ ಮನೆಯ ಮುಂದೆಯೇ ಚಿಮಣಿ ಎದ್ದಿತ್ತು. ಎಕ್ಸ್‌ಚೇಂಜಿನ ಪಟ್ಟಿಯಲ್ಲಿ ಅಪ್ಪನ ಹೆಸರು ಹೋಯಿತು, ಸಂದರ್ಶನವಾಯಿತು, ಕೆಲಸ ಸಿಕ್ಕಿತು. ಯಾರಿಗೂ ಒಂದು ಕಪ್ಪು ಚಹಾ ಕುಡಿಸಲಿಲ್ಲ ಎಂದು ಅಪ್ಪ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಆಯಿ ಮೊದಲ ಪಗಾರದ ದಿನ, "ನಡುವ ಯಾರೂ ಇಲ್ಲೇನೋ?" ಎಂದು ಮೂರು ಸಲ ಕೇಳಿದಳಂತೆ. ನನಗಾಗ ಆರು ವರ್ಷ.

ಇನ್ನು ನನ್ನ ಕಥೆ. 1984ರಲ್ಲಿ ಪಿ.ಯು.ಸಿ. ಮುಗಿಸಿದ್ದೆ. ಸೇಡಂನಲ್ಲಿ ಟೈಪಿಂಗ್ ಕಲಿತು ಜೂನಿಯರ್ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಅಪ್ಪನ ಜೊತೆ ಪ್ಯಾಸೆಂಜರ್ ರೈಲು ಹಿಡಿದು, ವಾಡಿಯಲ್ಲಿ ಇಳಿದು ಬೇರೆ ರೈಲು ಹತ್ತಿ, ಗುಲ್ಬರ್ಗಾದ ಎಂಪ್ಲಾಯ್‌ಮೆಂಟ್ ಆಫೀಸಿಗೆ ಹೋದೆ. ಸಾಲಿನಲ್ಲಿ ನಿಂತವರಲ್ಲಿ ಹೆಣ್ಣುಮಕ್ಕಳು ನಾಲ್ಕೈದು ಜನ. ಗುಮಾಸ್ತರು ತಲೆಯೆತ್ತದೆ, "ಏನ್ ಆಗ್ಯಾದವ್ವಾ?" ಎಂದರು. "ಪಿ.ಯು.ಸಿ. ಆಗ್ಯಾದ್ರೀ" ಎಂದೆ. "ಮತ್ತೇನರ?" ಎಂದರು. ಹಿಂದೆ ನಿಂತ ಹುಡುಗರು ನೋಡುತ್ತಿದ್ದರು. ನಾಚಿಕೆಯಿಂದ ಗಂಟಲು ಕಟ್ಟಿತು. "ಅಷ್ಟೇ ರೀ" ಎಂದೆ. ಟೈಪಿಂಗ್ ಸರ್ಟಿಫಿಕೇಟು ಕೈಚೀಲದಲ್ಲೇ ಉಳಿಯಿತು.

ಆ "ಅಷ್ಟೇ ರೀ" ಎಷ್ಟು ದುಬಾರಿ ಎಂದು ತಿಳಿಯಲು ಕಚೇರಿಯ ಒಳಗಿನ ವ್ಯವಸ್ಥೆ ಗೊತ್ತಿರಬೇಕು. ನಮಗೆ ಕೊಡುವ ಕಾರ್ಡು ಎಕ್ಸ್-10. ಅವರ ಬಳಿ ಉಳಿಯುವ ಕಾರ್ಡು ಎಕ್ಸ್-1. ಆ ಎಕ್ಸ್-1ರ ಮೇಲೆ ನಮ್ಮ ಕಸುಬಿಗೆ ಒಂದು ಸಂಖ್ಯೆ ಬರೆಯುತ್ತಿದ್ದರು. ದೇಶದ ಎಲ್ಲ ಕಸುಬುಗಳಿಗೂ ಸರ್ಕಾರ ಒಂದೊಂದು ಸಂಖ್ಯೆ ಕೊಟ್ಟು ಪುಸ್ತಕ ಮಾಡಿದೆ. ಟೈಪಿಸ್ಟ್ ಬೇಕೆಂದು ಯಾವುದಾದರೂ ಕಚೇರಿಯಿಂದ ಪತ್ರ ಬಂದರೆ, ಟೈಪಿಸ್ಟಿನ ಸಂಖ್ಯೆಯ ಕಟ್ಟನ್ನು ತೆಗೆದು, ಮೊದಲು ನೋಂದಾಯಿಸಿದವರು ಯಾರು ಎಂದು ನೋಡಿ ಹೆಸರು ಕಳಿಸುತ್ತಿದ್ದರು. ನನ್ನ ಕಾರ್ಡು ಆ ಕಟ್ಟಿನಲ್ಲಿ ಇರಲೇ ಇಲ್ಲ. ಏನೂ ಕಸುಬು ಬಾರದವರ ದೊಡ್ಡ ಕಟ್ಟಿನಲ್ಲಿ ಅದು ಮಲಗಿತ್ತು. ಗುಮಾಸ್ತರು ಕೇಳಿದ್ದರು, ಎರಡು ಸಲ ಕೇಳಿದ್ದರು. ಹೇಳದೆ ಇದ್ದವಳು ನಾನು. ಹೆಣ್ಣುಮಕ್ಕಳಿಗೆ ಬಾಯಿ ಇರಬಾರದು ಎಂದು ಬೆಳೆಸಿದ್ದರ ಫಲ ಎಂದು ಆಮೇಲೆ ಬಹಳ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಂಡರೆ ತಪ್ಪು ಸ್ವಲ್ಪ ಹಗುರಾಗುತ್ತದೆ.

ಮೂರು ವರ್ಷಕ್ಕೊಮ್ಮೆ ಕಾರ್ಡು ನವೀಕರಿಸಬೇಕಿತ್ತು. 1987ರಲ್ಲಿ ಅವ್ವ ಹಾಸಿಗೆ ಹಿಡಿದಳು. ಮನೆಯ ಕೆಲಸದಲ್ಲಿ ತಾರೀಖು ಮರೆಯಿತು. ನೆನಪಾಗಿ ಹೋದಾಗ ಕಾರ್ಡು ರದ್ದಾಗಿತ್ತು. ಮೂರು ವರ್ಷದ ಜ್ಯೇಷ್ಠತೆ ಹೋಯಿತು. 1988ರಲ್ಲಿ ಹೊಸದಾಗಿ ನೋಂದಾಯಿಸಿದೆ. ಈ ಸಲ ಯಾರೂ ಕೇಳುವ ಮೊದಲೇ "ಇಂಗ್ಲಿಷ್ ಟೈಪಿಂಗ್ ಜೂನಿಯರ್, ಕನ್ನಡ ಟೈಪಿಂಗ್ ಕಲೀಲಕತ್ತೀನಿ" ಎಂದು ಒಂದೇ ಉಸಿರಿಗೆ ಹೇಳಿದೆ.

ಕಾಯುವುದು ಎಲ್ಲಕ್ಕಿಂತ ಕಷ್ಟ. 1989ರಲ್ಲಿ ಪರಿಚಯದವರೊಬ್ಬರು ಹೈದರಾಬಾದಿನ ಒಂದು ಪ್ಲೇಸ್‌ಮೆಂಟ್ ಏಜೆನ್ಸಿಯ ವಿಳಾಸ ಕೊಟ್ಟರು. ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಗಾಜಿನ ಬಾಗಿಲು, ತಿರುಗುವ ಕುರ್ಚಿ. ಕೋಟು ತೊಟ್ಟವರು ನನ್ನನ್ನು "ಮೇಡಂ" ಎಂದರು. ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಮೇಡಂ ಎಂದದ್ದು ಅದು. ಮುನ್ನೂರು ರೂಪಾಯಿ ಕೇಳಿದರು, ಕೊಟ್ಟೆವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿ ಕೇಳಿದರು, ಅದನ್ನೂ ಕೊಟ್ಟೆವು. "ಕಂಪನಿಯವರಿಗೆ ತೋರಿಸಬೇಕಾಗುತ್ತದೆ" ಎಂದರು. ರಸೀದಿ ಕೊಡಲಿಲ್ಲ, ನಾವು ಕೇಳಲೂ ಇಲ್ಲ. ಮೇಡಂ ಎಂದವರ ಹತ್ತಿರ ರಸೀದಿ ಕೇಳುವುದು ಹೇಗೆ? ಮನೆಗೆ ಬಂದಾಗ ಆಯಿ ಬಾಗಿಲಲ್ಲೇ ಕುಳಿತಿದ್ದಳು. ಎಲ್ಲ ಕೇಳಿಸಿಕೊಂಡು ಅದೇ ಪ್ರಶ್ನೆ ಹಾಕಿದಳು. "ನಾವು ಮುನ್ನೂರು ಕೊಟ್ಟೀವಿ" ಎಂದೆ. "ಅಂದ್ರ ಅವನ ಪಗಾರ ಅವನಿಗೆ ಬಂತು. ಇನ್ನ ನಿನಗ ಯಾಕ ಕೆಲಸ ಹುಡುಕ್ತಾನ?" ಎಂದಳು. ನನಗೆ ಆಕೆಯ ಮೇಲೆ ಬಹಳ ಸಿಟ್ಟು ಬಂತು.

ಮುಂದಿನ ವರ್ಷ ಗುಲ್ಬರ್ಗಾದ ಒಂದು ಕಚೇರಿಯಿಂದ ಕರೆ ಬಂತು. ಎಕ್ಸ್‌ಚೇಂಜಿನ ಹೊಸ ಕಾರ್ಡಿನಿಂದ ಬಂದ ಮೊದಲ ಕರೆ. ಟೈಪಿಸ್ಟ್ ಹುದ್ದೆ. ಹತ್ತು ದಿನದಲ್ಲಿ ಸಂದರ್ಶನ, ಮೂಲ ಪ್ರಮಾಣಪತ್ರಗಳನ್ನು ತರಬೇಕು ಎಂದು ಬರೆದಿತ್ತು. ಅಪ್ಪ ರಜೆ ಹಾಕಿ ಹೈದರಾಬಾದಿಗೆ ಓಡಿದರು. ಗಾಜಿನ ಬಾಗಿಲಿಗೆ ಬೀಗ. ಎರಡನೆಯ ಸಲ ಹೋದಾಗ, ಸಾಹೇಬರು ಊರಲ್ಲಿಲ್ಲ ಎಂದರು. ನಾನು ಅಂಕಪಟ್ಟಿಯ ನಕಲು ಹಿಡಿದು ಸಂದರ್ಶನಕ್ಕೆ ಹೋದೆ. ಟೈಪಿಂಗ್ ಪರೀಕ್ಷೆ ಚೆನ್ನಾಗಿ ಮಾಡಿದೆ. ಆಮೇಲೆ ಮೂಲ ಪ್ರತಿ ಕೇಳಿದರು. ಇಲ್ಲ ಎಂದೆ. ಅವರದೇನೂ ತಪ್ಪಿಲ್ಲ. ನಿಯಮ ನಿಯಮವೇ. ನಾಲ್ಕನೆಯ ಪ್ರಯಾಣದಲ್ಲಿ ಅಪ್ಪ ಅಂಕಪಟ್ಟಿ ಬಿಡಿಸಿಕೊಂಡು ಬಂದರು. ಅದರ ಮೇಲೆ ಚಹಾದ ಲೋಟದ ಗುಂಡು ಕಲೆ ಇತ್ತು. ಈಗಲೂ ಇದೆ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಏನೂ ಹೇಳದೆ ಬಾವಿಯ ಕಡೆ ಕೈಕಾಲು ತೊಳೆಯಲು ಹೋದರು. ಆಯಿಯೂ ಅವತ್ತು ಏನೂ ಹೇಳಲಿಲ್ಲ.

1992ರಲ್ಲಿ ಅದೇ ಎರಡನೆಯ ಕಾರ್ಡಿನಿಂದ ಸೇಡಂ ಸೀಮೆಯ ಒಂದು ಖಾಸಗಿ ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಟೈಪಿಸ್ಟ್ ಆದೆ. ಅಷ್ಟು ಹೊತ್ತಿಗೆ 1984ರಲ್ಲಿ ಮಳಖೇಡದಲ್ಲೂ, ಅದರ ಬೆನ್ನಿಗೆ ಸೇಡಂನಲ್ಲೂ ದೊಡ್ಡ ಸಿಮೆಂಟು ಕಾರ್ಖಾನೆಗಳು ಬಂದಿದ್ದವು. ಟೇಬಲ್ಲಿನ ಈಚೆ ಇದ್ದವಳು ಆಚೆ ಹೋಗಿ ಕುಳಿತೆ. ಆಚೆಯಿಂದ ನೋಡಿದಾಗ ಕಂಡದ್ದು ಬೇರೆಯೇ ಲೋಕ.

ಖಾಲಿ ಹುದ್ದೆಯ ತಿಳುವಳಿಕೆ ಪತ್ರವನ್ನು ನಾನೇ ಟೈಪು ಮಾಡುತ್ತಿದ್ದೆ. ಸಂದರ್ಶನಕ್ಕೆ ಹದಿನೈದು ದಿನ ಮುಂಚೆ ಎಕ್ಸ್‌ಚೇಂಜಿಗೆ ಅದು ತಲುಪಿರಬೇಕು. ಮೂರು ತಿಂಗಳಿಗೊಮ್ಮೆ ಇ.ಆರ್.-1 ಎಂಬ ತಖ್ತೆ. ಅದರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಬೇರೆ ಬೇರೆ ಬರೆಯಬೇಕು. ಹೆಂಗಸರ ಅಂಕಣದಲ್ಲಿ ನಾನು ಹಾಕುತ್ತಿದ್ದ ಅಂಕಿ ಒಂದು ಕೈಬೆರಳಿನಷ್ಟು, ಅದರಲ್ಲಿ ಒಂದು ನಾನೇ. ಎಕ್ಸ್‌ಚೇಂಜಿನಿಂದ ಬಂದ ಪಟ್ಟಿ ನೋಡಿ ಕರೆಪತ್ರ ಕಳಿಸುತ್ತಿದ್ದೆವು. ಕೆಲವು ಪತ್ರ ಹಾಗೇ ಹಿಂದೆ ಬರುತ್ತಿದ್ದವು. "ವಿಳಾಸದಾರರು ಊರು ಬಿಟ್ಟಿದ್ದಾರೆ" ಎಂದು ಅಂಚೆಯವರ ಷರಾ. ಹೀಗೆ ಹಿಂದೆ ಬಂದವುಗಳಲ್ಲಿ ಹೆಣ್ಣುಮಕ್ಕಳ ಹೆಸರೇ ಹೆಚ್ಚು. ಮದುವೆಯಾಗಿ ಬೇರೆ ಊರಿಗೆ ಹೋದವರು ಕಾರ್ಡಿನ ವಿಳಾಸ ಬದಲಿಸಿರುತ್ತಿರಲಿಲ್ಲ. ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಳ್ಳುವ ಅವಕಾಶ ಇತ್ತು. ಅದು ಯಾರಿಗೆ ಗೊತ್ತು? ತವರಿನಲ್ಲಿ ಯಾರೋ ಕಾಗದ ತೆಗೆದುಕೊಂಡು, ಗಂಡನ ಮನೆಯಲ್ಲಿರುವ ಹುಡುಗಿಗೆ ಯಾಕೆ ತಲೆನೋವು ಎಂದು ಇಟ್ಟುಬಿಟ್ಟದ್ದೂ ಉಂಟು. 1994ರಲ್ಲಿ ನನ್ನ ಮದುವೆಯಾದಾಗ ಅರಿಶಿನ ಆರುವ ಮೊದಲೇ ನಾನು ಮಾಡಿದ ಕೆಲಸ, ಎಲ್ಲ ಕಡೆ ವಿಳಾಸ ಬದಲಿಸಿದ್ದು. ಅತ್ತೆಯವರಿಗೆ ಅದು ವಿಚಿತ್ರವಾಗಿ ಕಂಡಿತ್ತು.

ಇನ್ನೊಂದು ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಪ್ಯಾಕಿಂಗ್, ಕಸ ಹೊಡೆಯುವುದು ಮುಂತಾದ ಕೆಲಸಕ್ಕೆ ಗುತ್ತಿಗೆದಾರರ ಆಳುಗಳಿದ್ದರು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ನಿಯಮ ಇತ್ತು. ಗುತ್ತಿಗೆದಾರ ಪಗಾರ ಹಂಚುವಾಗ ಕಂಪನಿಯ ಪ್ರತಿನಿಧಿ ಒಬ್ಬರು ಎದುರಿಗಿರಬೇಕು, ನನ್ನ ಮುಂದೆ ಕೊಟ್ಟರು ಎಂದು ಸಹಿ ಮಾಡಬೇಕು. ಗುತ್ತಿಗೆದಾರ ಕೊಡದಿದ್ದರೆ ಕಂಪನಿಯೇ ಕೊಡಬೇಕು. ಆಫೀಸರರ ಜೊತೆ ಮಸ್ಟರ್ ಹಿಡಿದು ನಾನೂ ಹೋಗುತ್ತಿದ್ದೆ. ಹೆಬ್ಬೆಟ್ಟು ಒತ್ತುವ ಹೆಂಗಸರ ಸಾಲು ನೋಡುವಾಗ ಆಯಿಯ ದಾರದ ಗಂಟುಗಳು ನೆನಪಾಗುತ್ತಿದ್ದವು. ಒಬ್ಬಾಕೆಗೆ ಎರಡು ದಿನದ ಹಾಜರಿ ಕಡಿಮೆ ಬಿದ್ದಿತ್ತು. "ಅಕ್ಕಾ, ಗ್ವಾಡಿ ಮ್ಯಾಲ ಗೆರಿ ಹಾಕೀನಿ, ಬಂದು ನೋಡ್ರಿ" ಎಂದಳು. ಆಫೀಸರರು ಹೋಗಿ ಗೆರೆ ಎಣಿಸಿ ಬಂದು ಪಗಾರ ಕೊಡಿಸಿದರು. ಒಳ್ಳೆಯವರಾಗಿದ್ದರು.

1998ರಲ್ಲಿ ಕುರಕುಂಟಾದ ಚಿಮಣಿಯ ಹೊಗೆ ನಿಂತಿತು. ಸಿಮೆಂಟ್ ಕಾರ್ಪೊರೇಷನ್ನು ಆಗಲೇ ನಷ್ಟದ ಕಂಪನಿಗಳ ಪಟ್ಟಿಗೆ ಸೇರಿ ಬಿ.ಐ.ಎಫ್.ಆರ್. ಮುಂದೆ ಇತ್ತು. 2006ರಲ್ಲಿ ಒಪ್ಪಿಗೆಯಾದ ಯೋಜನೆಯಲ್ಲಿ ಮೂರು ಕಾರ್ಖಾನೆಗಳನ್ನು ಉಳಿಸಿ ಏಳನ್ನು ಮುಚ್ಚಿ ಮಾರುವುದೆಂದು ತೀರ್ಮಾನವಾಯಿತು. ಉಳಿದವುಗಳಲ್ಲಿ ನಮ್ಮ ಪಕ್ಕದ ತಾಂಡೂರು ಒಂದು. ಮುಚ್ಚುವ ಏಳರಲ್ಲಿ ಕುರಕುಂಟಾ ಒಂದು.

ಅಪ್ಪನಿಗೆ ಅಷ್ಟೊತ್ತಿಗೆ ವಯಸ್ಸಾಗಿತ್ತು. ಕಷ್ಟವಾದದ್ದು ನಲವತ್ತು ದಾಟಿದವರಿಗೆ. ಕಾಲೊನಿಯ ಕಾಕಾಗಳು, ನಾನು ಸಣ್ಣವಳಿದ್ದಾಗ ಜಾತ್ರೆಗೆ ಬತ್ತಾಸು ಕೊಡಿಸಿದವರು, ಭಾನುವಾರ ಸೇಡಂನ ನನ್ನ ಮನೆಗೆ ಬರತೊಡಗಿದರು. "ನೀ ಆಫೀಸಿನಾಗ ಇದ್ದಿ, ಒಂದು ಅರ್ಜಿ ಬರದು ಕೊಡವ್ವ." ಅವರು ಎಂದೂ ಅರ್ಜಿ ಬರೆದವರಲ್ಲ. ಒಂದೇ ಸಲ ಎಕ್ಸ್‌ಚೇಂಜಿನ ಕರೆ ಬಂದಿತ್ತು, ಒಂದೇ ಕೆಲಸ ಮಾಡಿದ್ದರು. "ಏನೇನು ಕೆಲಸ ಮಾಡಿದ್ರಿ ಕಾಕಾ?" ಎಂದರೆ "ಪ್ಲಾಂಟಿನಾಗ ಇದ್ದೆ" ಎನ್ನುತ್ತಿದ್ದರು. ನನ್ನ "ಅಷ್ಟೇ ರೀ" ಥರವೇ. ಬಿಡಿಸಿ ಬಿಡಿಸಿ ಕೇಳಿದರೆ ಒಬ್ಬರು ಹದಿನೆಂಟು ವರ್ಷ ಗೂಡಿನ ಉರಿ ನೋಡಿಕೊಂಡವರು, ಇನ್ನೊಬ್ಬರು ಕ್ರಷರಿನ ಬೇರಿಂಗನ್ನು ಸದ್ದು ಕೇಳಿಯೇ ಕೆಟ್ಟಿದೆ ಎಂದು ಹೇಳಬಲ್ಲವರು. ಅದನ್ನೆಲ್ಲ ಬರೆದೆ. ಖಾಸಗಿ ಕಾರ್ಖಾನೆಗಳಿಗೆ ಈ ಕೆಲಸಗಾರರು ಬೇಕಾಗಿದ್ದರು. ಆದರೆ ನೇರವಾಗಿ ಅಲ್ಲ, ಲೇಬರ್ ಕಾಂಟ್ರಾಕ್ಟರನ ಮೂಲಕ. ಕಾಂಟ್ರಾಕ್ಟರನ ಪರವಾಗಿ ಆಳು ಕೂಡಿಸಲು ಕಾಲೊನಿಗೆ ಬಂದವನನ್ನು ಅವರೆಲ್ಲ ಯಾವ ಹೆಸರಿನಿಂದ ಕರೆದರು ಗೊತ್ತೆ? ಮುಕಾದಮ. ಆಯಿಯ ಮಾತು ಮೂವತ್ತು ವರ್ಷ ನಿದ್ದೆ ಮಾಡಿ ಎದ್ದು ಬಂದ ಹಾಗಾಯಿತು.

ಎಕ್ಸ್‌ಚೇಂಜಿನ ಗತ್ತೂ ಆಗಲೇ ಇಳಿದಿತ್ತು. ಅದರ ಪಟ್ಟಿಯೊಂದನ್ನೇ ನೆಚ್ಚಬಾರದು, ಪತ್ರಿಕೆಯಲ್ಲೂ ಪ್ರಕಟಿಸಿ ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನ್ಯಾಯವಾದ ಮಾತೇ. 2015ರಲ್ಲಿ ಕೇಂದ್ರದವರು ರಾಷ್ಟ್ರೀಯ ವೃತ್ತಿ ಸೇವೆ ಎಂದು ಕಂಪ್ಯೂಟರಿಗೆ ತಂದರು. 2020ರ ಸಾಮಾಜಿಕ ಸುರಕ್ಷಾ ಸಂಹಿತೆಯಲ್ಲಿ ಎಕ್ಸ್‌ಚೇಂಜ್ ಎಂಬ ಹೆಸರೇ ಹೋಗಿ ವೃತ್ತಿ ಕೇಂದ್ರ ಎಂದಾಯಿತು. ನಮ್ಮ ಕಡೆಯವರಿಗೆ 371(ಜೆ) ಕಲಮಿನ ಮೀಸಲಾತಿ ಬಂದದ್ದು ಒಂದು ಸಮಾಧಾನ. ಆದರೆ ಅದು ಸರ್ಕಾರಿ ನೌಕರಿಗೆ. ನನ್ನ ತಂಗಿಯ ಮಗಳು ಹುಡುಕುವ ಕೆಲಸಗಳಿಗೆ ದಾರಿ ಮತ್ತೆ ಮಧ್ಯಸ್ಥರದೇ.

ಹಾಗೆಂದು ಎಲ್ಲ ಕನ್ಸಲ್ಟೆನ್ಸಿಗಳೂ ಗಾಜಿನ ಬಾಗಿಲಿನವರಲ್ಲ. ನೌಕರಿಯ ಕೊನೆಯ ವರ್ಷಗಳಲ್ಲಿ ನಾನೇ ಅಂಥವರ ಬಿಲ್ಲುಗಳನ್ನು ಪಾಸಿಗೆ ಇಡುತ್ತಿದ್ದೆ. ಪ್ರಾಮಾಣಿಕ ರಿಕ್ರೂಟರಿಗೆ ಹಣ ಕೊಡುವವರು ಕಂಪನಿಯವರು. ವರ್ಷದ ಸಂಬಳದ ಹನ್ನೆರಡನೆಯ ಒಂದು ಭಾಗ, ಅಂದರೆ ಸುಮಾರು ಒಂದು ತಿಂಗಳ ಸಂಬಳದಷ್ಟು ಕೊಡುವುದು ವಾಡಿಕೆ. ಸೇರಿದವರು ಎರಡು ಮೂರು ತಿಂಗಳಲ್ಲಿ ಬಿಟ್ಟು ಹೋದರೆ ಬೇರೆಯವರನ್ನು ಕೊಡಬೇಕು ಇಲ್ಲವೇ ಹಣ ವಾಪಸು ಎಂಬ ಕರಾರೂ ಇರುತ್ತದೆ. ಇದು ತಿಳಿದರೆ ಅವರ ನಡತೆ ಅರ್ಥವಾಗುತ್ತದೆ. ಅವರು ನಮಗೆ ಕೆಲಸ ಹುಡುಕುವವರಲ್ಲ, ಕಂಪನಿಗೆ ಆಳು ಹುಡುಕುವವರು. ಅದರಲ್ಲಿ ಕೆಟ್ಟದ್ದೇನಿಲ್ಲ. ಹೊರದೇಶದ ಕೆಲಸಕ್ಕೆ ಮಾತ್ರ ನಿಯಮ ಬೇರೆ. 1983ರ ಎಮಿಗ್ರೇಷನ್ ಕಾಯ್ದೆಯಂತೆ ಏಜೆಂಟರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು, ಅವರು ತೆಗೆದುಕೊಳ್ಳುವ ಹಣಕ್ಕೂ ಮಿತಿ ಇದೆ.

ಇಷ್ಟನ್ನೂ ತಂಗಿಯ ಮಗಳಿಗೆ ಹೇಳಿದೆ. ಹೇಳುವಾಗ ಅಂಕಪಟ್ಟಿಯ ಚಹಾದ ಕಲೆಯನ್ನೂ ತೋರಿಸಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ತಾನೇ ಒಂದು ನೋಟ್‌ಬುಕ್ಕು ತೆಗೆದಳು. ಯಾವ ತಾರೀಖು, ಯಾರು ಫೋನು ಮಾಡಿದರು, ಯಾವ ಕಂಪನಿ, ಏನು ಕೆಲಸ, ಎಂದು ಗೆರೆ ಎಳೆದಳು. ನನ್ನನ್ನು ಕೇಳದೆ ಯಾರಿಗೂ ನನ್ನ ಅರ್ಜಿ ಕಳಿಸಬೇಡಿ ಎಂದು ಮೊದಲೇ ಹೇಳಬೇಕು ಎಂದೆ. ಇಬ್ಬರು ಏಜೆಂಟರು ಒಬ್ಬಳದೇ ಅರ್ಜಿಯನ್ನು ಒಂದೇ ಕಂಪನಿಗೆ ಕಳಿಸಿದರೆ, ಬಿಲ್ಲು ಯಾರದು ಎಂಬ ಜಗಳಕ್ಕೆ ಹೆದರಿ ಆ ಅರ್ಜಿಯನ್ನೇ ಪಕ್ಕಕ್ಕೆ ಇಡುವುದನ್ನು ನಾನು ಕಂಡಿದ್ದೆ. ಬೇರೆ ಕಡೆ ಸಂದರ್ಶನ ಇದ್ದರೆ ಮುಚ್ಚಿಡಬೇಡ, ಬರಲಾಗದಿದ್ದರೆ ಹಿಂದಿನ ದಿನವೇ ಫೋನು ಮಾಡು, ಗೊತ್ತಿರುವುದನ್ನೆಲ್ಲ ಹೇಳು, ನಾಚಬೇಡ ಎಂದೆ. ಮೂಲ ಪ್ರತಿ ತೋರಿಸು, ಕೊಡಬೇಡ ಎಂಬುದನ್ನು ಅವಳೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಳು.

"ಪ್ರಶ್ನೆ ಕೇಳಿದರ ಮತ್ತ ಕರೀದಿದ್ರ?" ಎಂದಳು.

ಆಯಿಯ ಕಥೆಯ ಕೊನೆಯ ಭಾಗವನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಿದೆ. ಒಂದು ಬೇಸಿಗೆಯ ಜೋಳ ಹೋಯಿತು ಎಂದೆ.

ಅವಳು ಹೈದರಾಬಾದಿಗೆ ಫೋನು ಹಚ್ಚಿದಳು. ಕಂಪನಿಯ ಹೆಸರು ಕೇಳಿದಳು, ಫೀ ಯಾವುದಕ್ಕೆ ಎಂದು ಕೇಳಿದಳು, ರಸೀದಿ ಕೊಡುತ್ತೀರಾ ಎಂದು ಕೇಳಿದಳು. ಆ ಕಡೆಯವರು ಮಧ್ಯದಲ್ಲೇ ಫೋನು ಇಟ್ಟರು. ಅವಳ ಕಣ್ಣು ತುಂಬಿಬಂತು. ನನಗೂ ಕಸಿವಿಸಿಯಾಯಿತು. ನಿಜವಾಗಿಯೂ ಕೆಲಸ ಇದ್ದರೆ? ಈಗಿನ ಕಾಲದಲ್ಲಿ ಬಾಗಿಲಿಗೆ ಬಂದದ್ದನ್ನು ನಾನೇ ಕಳೆದೆನೆ?

ಮೂರು ವಾರದ ಮೇಲೆ ಇನ್ನೊಬ್ಬರ ಫೋನು ಬಂತಂತೆ, ಒಬ್ಬ ಹೆಣ್ಣುಮಗಳು. ಕಂಪನಿಯ ಹೆಸರು, ಸಂಬಳ, ಕೆಲಸದ ವಿವರ ಎಲ್ಲ ಮೊದಲೇ ಬರೆದು ಕಳಿಸಿದ್ದಾಳೆ. ನಮ್ಮ ಹುಡುಗಿ ಧೈರ್ಯ ಮಾಡಿ, "ಮೇಡಂ, ನಿಮ್ಮ ಫೀ ಯಾರು ಕೊಡ್ತಾರ?" ಎಂದು ಕೇಳಿದಳಂತೆ. ಆಕೆ ನಕ್ಕು, "ಕಂಪನಿ ಕೊಡುತ್ತದೆ. ನೀವು ಮೂರು ತಿಂಗಳು ಬಿಡದೆ ಕೆಲಸ ಮಾಡಿದರೆ ಮಾತ್ರ" ಎಂದಳಂತೆ. ಸಂದರ್ಶನ ಮುಗಿದಿದೆ. ಫಲಿತಾಂಶ ಇನ್ನೂ ಬಂದಿಲ್ಲ. ನೋಟ್‌ಬುಕ್ಕಿನ ಆ ಸಾಲಿನ ಕೊನೆಯ ಮನೆ ಖಾಲಿ ಇದೆ. ದಿನಾ ಸಂಜೆ ಅವಳು ನನಗೆ ಫೋನು ಮಾಡುತ್ತಾಳೆ, "ಇವತ್ತೂ ಇಲ್ಲ, ದೊಡ್ಡವ್ವಾ" ಎಂದು.